ಗ್ರಿತ್ಲಿಯನ್ನು ಇಲಿಮರಿ ಅನ್ನಬೇಡಿ

ಪತ್ರಿಕೆಯ ಸಾವಿನ ಪುಟವನ್ನು ದೋರಿ ಎರಡು ಸಲ ಓದಿದಳು. ಮೊದಲ ಸಲ ಕನ್ನಡಕವಿಲ್ಲದೆ ಓದಿ, ಕಣ್ಣು ತಪ್ಪಿರಬೇಕು ಅಂದುಕೊಂಡಳು. ಕನ್ನಡಕ ಹಾಕಿಕೊಂಡು ಓದಿದರೂ ಅದೇ ಇತ್ತು.

"ನಮ್ಮ ಮನೆಮಗಳಾಗಿ ಬೆಳೆದ ಪ್ರೀತಿಯ ಮಾರ್ಗ್ರಿತ್ ವ್ಯೂತ್ರಿಖ್, ನಮ್ಮೆಲ್ಲರ ಗ್ರಿತ್ಲಿ, ಶಾಂತವಾಗಿ ಕಣ್ಣು ಮುಚ್ಚಿದಳು. ದುಃಖತಪ್ತರು, ಒಬರ್‌ಹೂಸ್ ಕುಟುಂಬ."

ದೋರಿ ಕೈಯಲ್ಲಿದ್ದ ಚಾಕುವನ್ನು ಸೇಬಿಗೆ ಚುಚ್ಚಿ ಹಾಗೇ ಬಿಟ್ಟಳು. ಶಾಂತವಾಗಿ ಅಂತೆ! ಗ್ರಿತ್ಲಿ ತನ್ನ ಜೀವಮಾನದಲ್ಲಿ ಒಂದು ಕೆಲಸವನ್ನೂ ಶಾಂತವಾಗಿ ಮಾಡಿದವಳಲ್ಲ. ಹೋಗುವ ದಿನ ಬೆಳಿಗ್ಗೆ ಕೂಡ ಆಸ್ಪತ್ರೆಯವರು ತಂದಿಟ್ಟ ಗಂಜಿ ನೋಡಿ, "ಇದನ್ನ ಬೇಯಿಸಿದವನನ್ನ ಸ್ವಲ್ಪ ಕರೀರಿ, ಅವನ ಮುಖ ನೋಡ್ಬೇಕು" ಎಂದು ನರ್ಸನ್ನು ಗದರಿಸಿದ್ದಳು. ಅದು ಹೋಗಲಿ. ಸತ್ತವರೆಲ್ಲರೂ ಪತ್ರಿಕೆಯಲ್ಲಿ ಶಾಂತವಾಗಿಯೇ ಸಾಯುತ್ತಾರೆ. ಆದರೆ ಮನೆಮಗಳು ಎಂಬ ಆ ಇನ್ನೊಂದು ಮಾತನ್ನು ದೋರಿ ಉಗುರಿನಿಂದ ಗೀರಿದಳು.

ಅಡುಗೆಮನೆಯ ಮೇಜಿನ ಮೇಲೆ ಗ್ರಿತ್ಲಿಯ ತಗಡಿನ ಡಬ್ಬಿ ಇತ್ತು. ಹಾಲಿನ ಕ್ಯಾನಿನಷ್ಟು ದೊಡ್ಡದು, ಮುಚ್ಚಳದ ಒಂದು ಕಡೆ ನೆಗ್ಗಿದ್ದು. ಅದರೊಳಗೆ ಗ್ರಿತ್ಲಿ ಜುಲೈ ಮೊದಲಲ್ಲಿ, ಕಾಲು ಊದಿಕೊಂಡಿದ್ದರೂ ನಿಂತುಕೊಂಡೇ ಕಲಸಿಟ್ಟ ಮ್ಯುಎಸ್ಲಿ ಮಿಶ್ರಣ. ಚಪ್ಪಟೆ ಓಟ್ಸು, ಕಳೆದ ಶರತ್ಕಾಲದಲ್ಲಿ ಒಲೆಯ ಮೇಲಿನ ಹಲಗೆಯಲ್ಲಿ ಅವಳೇ ಒಣಗಿಸಿದ ಸೇಬಿನ ಬಿಲ್ಲೆ, ಕಪ್ಪಗೆ ಸುಕ್ಕುಗಟ್ಟಿದ ಮರಸೇಬು, ಸೂರ್ಯಕಾಂತಿ ಬೀಜ, ಅಗಸೆ, ಕುಂಬಳದ ಬೀಜ, ಮುರಿದ ಹೇಜಲ್ ಕಾಯಿ. ಆಗಸ್ಟ್ ಒಂದರ ರಾಷ್ಟ್ರೀಯ ಹಬ್ಬದ ಬ್ರಂಚಿಗೆಂದು ಮಾಡಿದ್ದು. ಪ್ರತಿ ವರ್ಷ ಆ ದಿನ ಊರಿಗೂರೇ ಯಾರಾದರೊಬ್ಬರ ಹಟ್ಟಿಯಂಗಳದಲ್ಲಿ ಉದ್ದ ಬೆಂಚುಗಳ ಮೇಲೆ ಕೂತು ತಿನ್ನುವಾಗ, ಮಧ್ಯದ ಬೋಗುಣಿ ಯಾವತ್ತೂ ಗ್ರಿತ್ಲಿಯದೇ. ಈ ಸಲ ಅವಳು ಹಬ್ಬದವರೆಗೆ ಉಳಿಯಲಿಲ್ಲ.

ಆಸ್ಪತ್ರೆಯಲ್ಲಿ ಅವಳು ಹೇಳಿದ್ದು ದೋರಿಗೆ ಅಕ್ಷರ ಬಿಡದೆ ನೆನಪಿದೆ.

"ಮಣ್ಣು ಮಾಡೋದು ಬೆಳಿಗ್ಗೇನೇ ಇಟ್ಕೊಳ್ಳಿ. ಆಮೇಲೆ ಎಲ್ಲರನ್ನ ಬೇರನ್ ಹೋಟೆಲಲ್ಲಿ ಕೂರ್ಸು. ತಿಂಡಿಗೆ ತಡ, ಊಟಕ್ಕೆ ಬೇಗ, ಸರಿಯಾಗಿ ಬ್ರಂಚಿನ ಹೊತ್ತು. ಆ ಒಣಕಲು ಮಾಂಸದ ಹೋಳನ್ನ ನನ್ನ ಹೆಸರಲ್ಲಿ ಯಾರಿಗೂ ಹಾಕ್ಬೇಡ. ಡಬ್ಬೀಲಿ ಇರೋದನ್ನ ನೆನೆಹಾಕು. ಒಂದೇ ಬೋಗುಣಿ, ಎಲ್ಲರಿಗೂ ಅದರಿಂದಲೇ."

"ಒಬರ್‌ಹೂಸ್‌ನವರಿಗೂ?"

"ಅವರಿಗೇ ಮೊದಲು ಬಡಿಸು. ಹೊಟ್ಟೆ ತುಂಬಾ ತಿನ್ಲಿ. ಆದ್ರೆ ಆ ಹೆಸರು ಯಾರ ಬಾಯಲ್ಲೂ ಬರಬಾರ್ದು. ನಾನು ಎದ್ದು ಜಗಳ ಆಡೋಕೆ ಆಗಲ್ಲ. ನೀನು ನೋಡ್ಕೋಬೇಕು. ಮಾತು ಕೊಡು."

"ಸಾಯೋ ಮಾತು ಈಗ್ಯಾಕೇ?"

"ಮತ್ತಿನ್ಯಾವಾಗ ಆಡ್ಲಿ, ಸತ್ತ ಮೇಲಾ?"

ದೋರಿ ಮಾತು ಕೊಟ್ಟಿದ್ದಳು. ಮಾತು ಕೊಡುವಾಗ ಅದೇನು ಮಹಾ ಅನ್ನಿಸಿತ್ತು. ಈಗ ಪತ್ರಿಕೆ ಮೇಜಿನ ಮೇಲೆ ಬಿದ್ದಿತ್ತು, ನಾಳೆ ಬೆಳಿಗ್ಗೆ ಮಣ್ಣು. ಅವಳು ಪತ್ರಿಕೆಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಬೇರನ್‌ ಕಡೆಗೆ ಇಳಿದಳು.

ಬೇರನ್ ಹೋಟೆಲು ಚರ್ಚಿನ ಎದುರಿಗೇ ಇದೆ. ಊರಿನಲ್ಲಿ ಯಾರು ಸತ್ತರೂ ಊಟ ಅಲ್ಲೇ. ಮಾಲೀಕ ಬೇಯಾಟ್ ಲೋಟ ಒರೆಸುತ್ತಿದ್ದವನು ದೋರಿಯ ನಡಿಗೆ ನೋಡಿಯೇ ಬಟ್ಟೆ ಕೆಳಗಿಟ್ಟ.

"ದೋರಿಯಮ್ಮ, ಎಲ್ಲಾ ಆಗೋಗಿದೆ. ಒಬರ್‌ಹೂಸ್‌ನ ನೋಲ್ಡಿಯವರು ನಿನ್ನೇನೇ ಬಂದು ಹೇಳಿ ಹೋದ್ರು. ಮಾಂಸದ ಹೋಳು, ಆಲೂಗಡ್ಡೆ ಸಲಾಡ್, ಬಿಳಿ ವೈನ್. ಎಲ್ಲರಿಗೂ ಮಾಡೋ ಥರಾನೇ."

"ನೋಲ್ಡಿ ಯಾರು ಹೇಳೋಕೆ?"

"ಅಲ್ಲಾ, ಮನೆಯವರಲ್ವಾ?"

"ಯಾರ ಮನೆಯವರು?"

ಬೇಯಾಟ್ ಬಟ್ಟೆಯನ್ನು ಮತ್ತೆ ಕೈಗೆತ್ತಿಕೊಂಡ. ಅವನು ಹುಟ್ಟುವ ಹೊತ್ತಿಗೆ ಗ್ರಿತ್ಲಿ ಒಬರ್‌ಹೂಸ್‌ ಬಿಟ್ಟು ಎಷ್ಟೋ ವರ್ಷವಾಗಿತ್ತು. ದೋರಿ ಗ್ರಿತ್ಲಿಯ ಬಯಕೆಯನ್ನು ಹೇಳಿದಾಗ ಅವನು ಇನ್ನೂ ಪೇಚಿಗೆ ಸಿಕ್ಕಿದ.

"ಸಾವಿನ ಊಟಕ್ಕೆ ಮ್ಯುಎಸ್ಲಿಯಾ? ಬೇಜಾರು ಮಾಡ್ಕೋಬೇಡಿ, ಅದು ಮಕ್ಕಳಿಗೆ, ಬಾಣಂತಿಗೆ, ರಾತ್ರಿ ಏನೂ ಬೇಡ ಅಂದಾಗ ತಿನ್ನೋದು. ಕಪ್ಪು ಬಟ್ಟೆ ಹಾಕ್ಕೊಂಡು ಬಂದವರ ಮುಂದೆ ಅದನ್ನ ಇಟ್ರೆ, ಬೇಯಾಟ್ ಮನೇಲಿ ಮಾಂಸಕ್ಕೂ ಗತಿ ಇಲ್ವಾ ಅಂತಾರೆ."

"ಅನ್ಲಿ. ಅಂದವರನ್ನ ನನ್ನ ಹತ್ರ ಕಳಿಸು."

"ನೋಲ್ಡಿಯವರು ಒಪ್ಪಲ್ಲ."

"ಹೆಣ ನೋಲ್ಡಿದಾ?"

ಕೊನೆಗೆ ಬೇಯಾಟ್ ದಾರಿಯೊಂದನ್ನು ಹುಡುಕಿದ. ಮಾಂಸದ ತಟ್ಟೆಗಳನ್ನು ಗೋಡೆ ಪಕ್ಕದ ಮೇಜಿನಲ್ಲಿ ಇಡುತ್ತೇನೆ, ನಡುವಿನ ಮೇಜು ನಿಮಗೆ, ಯಾರು ಏನು ಬೇಕಾದರೂ ತಿನ್ನಲಿ, ನನ್ನನ್ನು ನಡುವೆ ಎಳೆಯಬೇಡಿ ಎಂದ. ದೋರಿ ಅಷ್ಟಕ್ಕೆ ಒಪ್ಪಿದಳು. ಬಾಗಿಲು ದಾಟುವಾಗ ಅವನು ಹಿಂದಿನಿಂದ, ಸ್ವಲ್ಪ ನಗಿಸಿದರೆ ಸಿಟ್ಟು ಇಳಿಯಬಹುದೆಂದು, "ತಿಂಡಿ ಚೀಟಿ ಮೇಲೆ ಮ್ಯುಎಸ್ಲಿ ಅಂತ ಅಕ್ಷರ ತಪ್ಪಿಲ್ಲದೆ ಬರೆಸ್ತೀನಿ ಬಿಡಿ, ಇಲ್ಲಾಂದ್ರೆ ಗ್ರಿತ್ಲಿಯಮ್ಮ ಪೆಟ್ಟಿಗೆಯಿಂದ ಎದ್ದು ಬಂದ್ಬಿಡ್ತಾರೆ" ಎಂದ. ಊರಿಗೆಲ್ಲ ಗೊತ್ತಿದ್ದ ತಮಾಷೆ ಅದು. ದೋರಿ ತಿರುಗಿ ನೋಡಲಿಲ್ಲ.

ಆ ತಮಾಷೆ ಹುಟ್ಟಿದಾಗ ದೋರಿ ಅಲ್ಲೇ ಇದ್ದಳು. ಇಬ್ಬರೂ ಇಪ್ಪತ್ತರ ಆಸುಪಾಸಿನವರು. ಕೆರೆ ದಂಡೆಯ ದೊಡ್ಡ ಹೋಟೆಲೊಂದರಲ್ಲಿ ಗ್ರಿತ್ಲಿ ಅಡುಗೆಮನೆಯಲ್ಲಿ, ದೋರಿ ಕೋಣೆಗಳ ಹಾಸಿಗೆ ಬದಲಿಸುವ ಕೆಲಸದಲ್ಲಿ. ಬೆಳಗಿನ ಬೋಗುಣಿ ಗ್ರಿತ್ಲಿಯ ಕೈಯದು. ಜರ್ಮನಿಯಿಂದ ಬಂದ ಅತಿಥಿಯೊಬ್ಬ, ಒಳ್ಳೆಯ ಕೋಟು, ಒಳ್ಳೆಯ ನಗು, ಬಟ್ಟಲು ಹಿಡಿದುಕೊಂಡು ಬಂದು, "ಮಗೂ, ಇನ್ನೊಂದು ಸ್ವಲ್ಪ ಮ್ಯೂಸ್ಲಿ ಸಿಗುತ್ತಾ?" ಎಂದ.

ಎರಡು ಮಾತಿನ ನಡುವೆ ಇರುವುದು ಒಂದು ಸಣ್ಣ ಎಕಾರ. ಮ್ಯುಎಸ್ಲಿ ಎಂದರೆ ಬಟ್ಟಲಲ್ಲಿ ನೆನೆದ ಓಟ್ಸು, ಹಣ್ಣು. ಆ ಎಕಾರವನ್ನು ನುಂಗಿ ಮ್ಯೂಸ್ಲಿ ಎಂದರೆ ಈ ಗುಡ್ಡಗಳಲ್ಲಿ ಇಲಿಮರಿ. ಜರ್ಮನಿಯವರಿಗೆ ಆ ಭೇದವಿಲ್ಲ. ಅವರು ಹಲ್ಲು ಬಿಟ್ಟು ಇಲಿಮರಿಯನ್ನೇ ಕೇಳಿ, ಇಲಿಮರಿಯನ್ನೇ ತಿಂದು, ಚೆನ್ನಾಗಿತ್ತು ಎಂದು ಹೋಗುತ್ತಾರೆ. ದೂರದೇಶದ ಅಂಗಡಿಗಳಲ್ಲಿ ಪೆಟ್ಟಿಗೆ ಹಿಡಿದು ಲೋಕವೆಲ್ಲ ಬಾಯಲ್ಲಿ ಅನ್ನುವುದೂ ಅದನ್ನೇ. ಇಲ್ಲಿಯವರು ಕೇಳಿ ಒಳಗೊಳಗೇ ನಗುತ್ತಾರೆ, ಅಷ್ಟೇ.

ಗ್ರಿತ್ಲಿ ನಗಲಿಲ್ಲ. ಸೌಟನ್ನು ಬೋಗುಣಿಯಲ್ಲಿ ಬಿಟ್ಟು ಸೊಂಟದ ಮೇಲೆ ಕೈ ಇಟ್ಟಳು. "ಇಲಿಮರಿ ಬೇಕಾದ್ರೆ ಹುಲ್ಲಟ್ಟಕ್ಕೆ ಹೋಗಿ ಸ್ವಾಮಿ. ಇದು ಅಡುಗೆಮನೆ."

ಮ್ಯಾನೇಜರ್ ಅವಳನ್ನು ಎಲ್ಲರೆದುರಿಗೆ ಬೈದ. ಒಂದು ಅಕ್ಷರಕ್ಕೆ ಇಷ್ಟು ಹಾರಾಟವೇ ಎಂದ. ಅವಳು ಕ್ಷಮೆ ಕೇಳಲಿಲ್ಲ. ಆ ಮಧ್ಯಾಹ್ನ ಇಬ್ಬರೂ ಹಿಂದಿನ ಮೆಟ್ಟಿಲ ಮೇಲೆ ಕೂತು ಕಾಲು ಚಾಚಿಕೊಂಡಿದ್ದಾಗ ದೋರಿ ಕೇಳಿದಳು. "ನಿಜ ಹೇಳು, ಆ ಮನುಷ್ಯ ನಿಂಗೆ ಏನು ಮಾಡಿದ್ದ? ಪಾಪ, ಹಸಿವು ಅಂತ ಬಂದ."

ಗ್ರಿತ್ಲಿ ಏಪ್ರನ್ ಬಿಚ್ಚಿ ಮಡಿಲಲ್ಲಿಟ್ಟುಕೊಂಡಳು. ಆಮೇಲೆ ಮಾತಾಡಿದಳು, ಒಮ್ಮೆಯೇ, ಎಲ್ಲವನ್ನೂ. ಮತ್ತೆಂದೂ ಆಡಲಿಲ್ಲ.

ಅಪ್ಪ ಯಾರೆಂದು ಯಾರೂ ಹೇಳದ, ತಾಯಿಯನ್ನು ಎಲ್ಲಿಗೋ ಕಳಿಸಿಬಿಟ್ಟ ಮಕ್ಕಳನ್ನು ಊರಿನ ಹಿರಿಯರು ರೈತರ ಮನೆಗಳಿಗೆ ಹಂಚಿಬಿಡುತ್ತಿದ್ದ ಕಾಲ ಅದು. ಕೆಲಸಕ್ಕೆ ಎರಡು ಕೈ ಸಿಕ್ಕಿತೆಂದು ಮನೆಯವರು ಕರೆದುಕೊಂಡು ಹೋಗುತ್ತಿದ್ದರು. ಹಂಚಿದ ಮಕ್ಕಳು ಎಂದೇ ಅವರ ಹೆಸರು. ಗ್ರಿತ್ಲಿ ಒಬರ್‌ಹೂಸ್‌ಗೆ ಹೋದಾಗ ಅವಳಿಗೆ ಹಾಲುಹಲ್ಲು ಇನ್ನೂ ಬಿದ್ದಿರಲಿಲ್ಲ. ಗುಡ್ಡದ ಮೇಲೆ ದೊಡ್ಡ ಸೂರಿನ ಮನೆ, ಕಿಟಕಿ ಕಿಟಕಿಗೂ ಕೆಂಪು ಹೂವು. ಆ ಮನೆಯಲ್ಲಿ ಮಗ ನೋಲ್ಡಿ ಅವಳ ಓರಗೆಯವನು, ಮಗಳು ಲೀಸಿ ಒಂದೆರಡು ವರ್ಷಕ್ಕೆ ಹಿರಿಯಳು. ಊಟದ ಮೇಜಿನ ಸುತ್ತ ಎಲ್ಲರಿಗೂ ಒಂದೊಂದು ಕುರ್ಚಿ. ಆಳಿಗೂ ಕುರ್ಚಿ. ಗ್ರಿತ್ಲಿಗೆ ಅಡುಗೆಮನೆಯಿಂದ ದನದ ಕೊಟ್ಟಿಗೆಗೆ ಹೋಗುವ ಬಾಗಿಲಿನ ಹೊಸ್ತಿಲು. ಪಕ್ಕದಲ್ಲಿ ಬೆಕ್ಕಿನ ತಟ್ಟೆ. ಮೇಜಿನವರು ತಿಂದಾದ ಮೇಲೆ ಉಳಿದದ್ದು ಅವಳಿಗೆ. ಭಾನುವಾರ ಸಂಜೆ ಮನೆಯವರು ಕೆನೆ ಹಾಕಿದ ಮ್ಯುಎಸ್ಲಿ ತಿನ್ನುತ್ತಿದ್ದರು. ಬೋಗುಣಿ ತೊಳೆಯುವುದು ಅವಳ ಕೆಲಸವಾದ್ದರಿಂದ ಅಂಚಿಗೆ ಅಂಟಿದ್ದನ್ನು ಬೆರಳಲ್ಲಿ ಬಳಿದು ತಿನ್ನುತ್ತಿದ್ದಳು. ಅದರಿಂದ ಹಸಿವು ಹೆಚ್ಚುತ್ತಿತ್ತೇ ಹೊರತು ಇಳಿಯುತ್ತಿರಲಿಲ್ಲ.

ಅಟ್ಟದಲ್ಲಿ ಒಣಸೇಬು, ಒಣ ಮರಸೇಬು ಗೋಣಿಚೀಲಗಳಲ್ಲಿ ಇರುತ್ತಿತ್ತು. ಮರದ ಪೆಟ್ಟಿಗೆಯಲ್ಲಿ ಓಟ್ಸು. ಕೋಳಿಗೆ ಹಾಕುವ ಸೂರ್ಯಕಾಂತಿ ಬೀಜ ಕೆಳಗೆ ಬಾಗಿಲ ಸಂದಿಯಲ್ಲಿ. ಗ್ರಿತ್ಲಿ ಅದರಿಂದ ಒಂದು ಹಿಡಿ, ಇದರಿಂದ ಒಂದು ಹಿಡಿ ಎತ್ತಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡು, ಸ್ಕೂಲಿಗೆ ಇಳಿಯುವ ದಾರಿಯಲ್ಲಿ ಒಂದೊಂದೇ ಚಿಟಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಎಲ್ಲ ಜೇಬಿನಲ್ಲೇ ಕಲಸಿಹೋಗುತ್ತಿತ್ತು. ಮುಂದೆ ಅವಳು ಹೆಸರು ಮಾಡಿದ ಆ ಮಿಶ್ರಣ ಮೊದಲು ಕಲಸಿದ್ದು ಅಲ್ಲಿ, ಎಂಟು ವರ್ಷದ ಹುಡುಗಿಯ ಜೇಬಿನಲ್ಲಿ.

ಒಬರ್‌ಹೂಸ್‌ ಯಜಮಾನಿ ಒಂದು ದಿನ ಜೇಬು ತಡಕಿದಳು. ಹೊಡೆಯಲಿಲ್ಲ. ಹೊಡೆದಿದ್ದರೆ ಮರೆತುಬಿಡುತ್ತಿದ್ದೆ ಎಂದು ಗ್ರಿತ್ಲಿ ಮೆಟ್ಟಿಲ ಮೇಲೆ ಕೂತು ಹೇಳಿದ್ದಳು. ಯಜಮಾನಿ ನಕ್ಕಳು. "ನೋಡ್ರೋ, ನಮ್ಮ ಮನೆಯ ಮ್ಯೂಸ್ಲಿ ಸಿಕ್ಕಿಬಿತ್ತು" ಎಂದಳು. ಮಕ್ಕಳೂ ನಕ್ಕರು. ಸಣ್ಣ ಮರದ ಇಲಿಬೋನೊಂದಕ್ಕೆ ದಾರ ಕಟ್ಟಿ ಹುಡುಗಿಯ ಕೊರಳಿಗೆ ಹಾಕಿ ಸ್ಕೂಲಿಗೆ ಕಳಿಸಿದರು. ಬಿಚ್ಚಿದರೆ ರಾತ್ರಿಯ ಊಟ ಇಲ್ಲ. ಮೇಷ್ಟ್ರು ನೋಡಿದರು, ಬಿಚ್ಚಿಸಲಿಲ್ಲ. ಆ ದಿನದಿಂದ ಸ್ಕೂಲು, ಚರ್ಚು, ಹಾಲಿನ ಡೈರಿ, ಎಲ್ಲೆಡೆ ಅವಳ ಹೆಸರು ಮ್ಯೂಸ್ಲಿ. ಗ್ರಿತ್ಲಿ ಎಂದು ಅವಳನ್ನು ಮೊದಲು ಕರೆದವಳು ದೋರಿಯೇ, ಹೋಟೆಲಿನ ಮೆಟ್ಟಿಲ ಮೇಲೆ.

ಮುಂದೆ ಇಬ್ಬರೂ ಈ ಊರಿಗೇ ಬಂದರು. ದೋರಿ ಮದುವೆಯಾಗಿ ಬಂದಳು, ಊರಿನ ಸಣ್ಣ ಗ್ರಂಥಾಲಯ ನೋಡಿಕೊಂಡಳು. ಗ್ರಿತ್ಲಿ ವೃದ್ಧಾಶ್ರಮದ ಅಡುಗೆಯವಳಾಗಿ ಬಂದಳು. ಅಷ್ಟೂ ಊರುಗಳಿರುವಾಗ ಒಬರ್‌ಹೂಸ್ ಕಣ್ಣಿಗೆ ಬೀಳುವ ಈ ಊರಿಗೇ ಯಾಕೆ ಬಂದೆ ಎಂದು ದೋರಿ ಕೇಳಿದರೆ, "ಅವರು ನನ್ನ ದಿನಾ ನೋಡ್ಲಿ ಅಂತ" ಎಂದಳು. ನೋಡಿದರು. ಅವಳು ಮಾಡಿದ್ದನ್ನು ಹಬ್ಬ ಹಬ್ಬಕ್ಕೂ ತಿಂದರು. ನೋಲ್ಡಿ ಚರ್ಚಿನ ಸಮಿತಿಗೆ ಅಧ್ಯಕ್ಷನಾದ. ಆಗಸ್ಟ್ ಒಂದರಂದು ಬಟ್ಟಲು ಚಾಚಿ, "ನಮ್ಮ ಮನೇಲಿ ಕಲಿತ ಕೈ" ಎಂದು ಪಕ್ಕದವನಿಗೆ ಹೇಳುತ್ತಿದ್ದ. ಗ್ರಿತ್ಲಿ ಸೌಟು ತುಂಬ ಹಾಕಿ ಮುಂದಿನವನ ಕಡೆ ತಿರುಗುತ್ತಿದ್ದಳು. ಯಾರಾದರೂ ಪಟ್ಟಣದವರು ಅಕ್ಷರ ತಪ್ಪಿದರೆ ಸಾಕು, ಸೌಟು ನಿಂತುಬಿಡುತ್ತಿತ್ತು. ಸರಿಯಾಗಿ ಹೇಳುವವರೆಗೆ ಬಡಿಸುತ್ತಿರಲಿಲ್ಲ. ಜನ ಬೇಕೆಂದೇ ತಪ್ಪು ಹೇಳಿಸಿ ನಗುತ್ತಿದ್ದರು. ಹಳಬರು ಸತ್ತು, ಓರಗೆಯವರು ಮರೆತು, ಅವಳು ಯಾಕೆ ಹಾಗೆ ಎಂದು ತಿಳಿದಿದ್ದವರು ಕೊನೆಗೆ ಮೂರೇ ಜನ. ಅದರಲ್ಲಿ ಇಬ್ಬರು ಒಬರ್‌ಹೂಸ್‌ನವರು.

ಹಂಚಿದ ಮಕ್ಕಳ ಕ್ಷಮೆಯನ್ನು ಸರ್ಕಾರ ಕೇಳಿದ ಸುದ್ದಿ ಒಂದು ದಿನ ರೇಡಿಯೋದಲ್ಲಿ ಬಂತು. ಗ್ರಿತ್ಲಿ ಹೇಜಲ್ ಕಾಯಿ ಮುರಿಯುತ್ತಿದ್ದಳು. ಪೂರ್ತಿ ಕೇಳಿ ರೇಡಿಯೋ ಆರಿಸಿದಳು. "ಇವರು ಕೇಳಿದ್ರು. ಗುಡ್ಡದ ಮೇಲಿನವರು ಯಾವಾಗ ಕೇಳ್ತಾರೆ?" ಎಂದಳು. ಗುಡ್ಡದ ಮೇಲಿನಿಂದ ಯಾರೂ ಇಳಿದು ಬರಲಿಲ್ಲ.

ಮಣ್ಣಿನ ಹಿಂದಿನ ಸಂಜೆ ಮಾತ್ರ ಒಬ್ಬ ಇಳಿದು ಬಂದ. ದೋರಿ ಮಿಶ್ರಣಕ್ಕೆ ಹಾಲು ಹೊಯ್ಯುತ್ತಿದ್ದಾಗ ನೋಲ್ಡಿ ಬಾಗಿಲು ತಟ್ಟಿದ. ವಯಸ್ಸಾಗಿ ಸ್ವಲ್ಪ ಬಾಗಿದ್ದ. ಕೈಯಲ್ಲಿ ಟೋಪಿ, ಇನ್ನೊಂದು ಕೈಯಲ್ಲಿ ಚೆರ್ರಿಹಣ್ಣಿನ ಬುಟ್ಟಿ.

"ಬೇಯಾಟ್ ಹೇಳಿದ. ದೋರಿ, ಹೀಗೆ ಮಾಡ್ಬೇಡ. ಅನಾಥರ ಮನೇಲಿ ಹಾಕೋ ಹಾಗೆ ನೆನೆದ ಓಟ್ಸು ಹಾಕಿ ಕಳಿಸಿದ್ರೆ ಊರವರು ನಮಗೆ ಏನಂತಾರೆ?"

"ನಿಮಗೆ ಯಾಕೆ ಅಂತಾರೆ?"

"ನಮ್ಮನೆ ಹುಡುಗಿ ಅಲ್ವಾ ಅವಳು."

ದೋರಿ ಹಾಲಿನ ಜಗ್ಗನ್ನು ಕೆಳಗಿಟ್ಟಳು. ಇಟ್ಟ ಸದ್ದು ಅವಳಿಗೇ ಜೋರಾಗಿ ಕೇಳಿಸಿತು. "ಪತ್ರಿಕೇಲಿ ಬರೆಸಿದ್ದು ನೋಡ್ದೆ. ನಿಂಗೆ ನಾಚಿಕೆ ಆಗಲಿಲ್ವೇನೋ?"

"ಏನು ಬರೆಸ್ಬೇಕಿತ್ತು? ಅವಳಿಗೆ ಯಾರಿದ್ರು? ಹೆಸರು ಹಾಕೋರೂ ಇಲ್ದೆ ಹೋಗ್ಲಿ ಅಂತ ಬಿಡ್ಬೇಕಿತ್ತಾ?" ನೋಲ್ಡಿಯ ಕಣ್ಣು ತೇವವಾಗಿತ್ತು. ಅದು ದೋರಿಯ ಸಿಟ್ಟನ್ನು ಇನ್ನಷ್ಟು ಕೆರಳಿಸಿತು. ಸುಳ್ಳು ಅಳು ಆಗಿದ್ದರೆ ಸುಲಭವಾಗಿತ್ತು. ಅವನು ನಿಜವಾಗಿಯೇ ಅಳುತ್ತಿದ್ದ. ತಾನು ಒಳ್ಳೆಯವನೆಂದು ನಿಜವಾಗಿಯೇ ನಂಬಿದ್ದ.

"ನಾನಿದ್ದೆ" ಎಂದಳು ದೋರಿ. "ನಾನು ಇದ್ದೆ ಅವಳಿಗೆ. ಅವಳು ಹೇಳಿ ಹೋದದ್ದನ್ನ ಮಾಡ್ತಿದೀನಿ. ನೀವು ಬನ್ನಿ, ತಿನ್ನಿ. ನಿಮಗೇ ಮೊದಲು ಹಾಕು ಅಂದಿದಾಳೆ. ಆದ್ರೆ ಒಂದು ಕೇಳು ನೋಲ್ಡಿ. ಆ ಅಡ್ಡಹೆಸರು ನಾಳೆ ನಿನ್ನ ಬಾಯಿಂದ ಬರಬಾರದು."

"ಯಾವ ಹೆಸರು?"

ಅವನಿಗೆ ನಿಜಕ್ಕೂ ತಿಳಿಯಲಿಲ್ಲವೋ, ತಿಳಿಯದವನ ಹಾಗೆ ನಿಂತನೋ. ದೋರಿ ಬಿಡಿಸಿ ಹೇಳಲಿಲ್ಲ. ಆ ಹೆಸರನ್ನು ತನ್ನ ಬಾಯಲ್ಲೂ ತರಬಾರದೆಂದು ಮಾತು ಕೊಟ್ಟಿದ್ದಳು. ಬಾಗಿಲು ಹಾಕಿದಳು. ಚೆರ್ರಿಯ ಬುಟ್ಟಿ ಹೊರಗೇ ಉಳಿಯಿತು.

ಮಣ್ಣು ಬಿಸಿಲಲ್ಲಿ ಮುಗಿಯಿತು. ಪಾದ್ರಿಯಮ್ಮ ಚುಟುಕಾಗಿ ಮಾತಾಡಿದರು, ಅದಕ್ಕೆ ದೋರಿ ಮನಸ್ಸಿನಲ್ಲೇ ಕೈ ಮುಗಿದಳು. ಬೇರನ್‌ಗೆ ಎಲ್ಲರಿಗಿಂತ ಮೊದಲು ಓಡಿ, ನೆನೆದ ಮಿಶ್ರಣಕ್ಕೆ ಹುಳಿಯಾದ ಬಿಳಿ ಸೇಬನ್ನು ಸಿಪ್ಪೆ ಸಮೇತ ತುರಿದು, ನಿಂಬೆ ಹಿಂಡಿ, ಕೆನೆ ಬೆರೆಸಿದಳು. ಜನ ಬರುವುದರಲ್ಲಿದ್ದರು. ರುಚಿ ನೋಡಲಿಲ್ಲ. ಡಬ್ಬಿಯ ತಳದಲ್ಲಿ ಹೊಟ್ಟಿನ ಪುಡಿ ಬಿಟ್ಟರೆ ಏನೂ ಉಳಿದಿರಲಿಲ್ಲ. ಗ್ರಿತ್ಲಿಯ ಕೈಯದು ಎಂಬುದು ಇನ್ನು ಈ ಬೋಗುಣಿಯಲ್ಲಿ ಇದ್ದಷ್ಟೇ.

ಜನ ಬಂದರು. ಕಪ್ಪು ಕೋಟುಗಳು ನಡುವಿನ ಮೇಜಿನ ಮುಂದೆ ಸ್ವಲ್ಪ ಹಿಂಜರಿದವು, ಗೋಡೆಯ ಪಕ್ಕದ ಮಾಂಸದ ತಟ್ಟೆಗಳ ಕಡೆ ನೋಡಿದವು. "ಬ್ರಂಚ್ ಬೇಗ ಬಂತಲ್ಲ ಈ ವರ್ಷ" ಎಂದು ಯಾರೋ ಮೆಲ್ಲಗೆ ಅಂದರು. ಇನ್ನೊಬ್ಬರು, "ಅಕ್ಷರ ನೋಡ್ಕೊಂಡು ಕೇಳಪ್ಪ" ಎಂದರು. ನಗು ಹರಡಿತು, ಸಾವಿನ ಮನೆಯಲ್ಲಿ ಬರುವಂಥ ಬಿಗಿದ ನಗು. ಬಟ್ಟಲುಗಳು ಮುಂದೆ ಬಂದವು.

ದೋರಿ ಮೊದಲ ಸೌಟನ್ನು ನೋಲ್ಡಿಗೆ ಹಾಕಿದಳು. ಎರಡನೆಯದು ಲೀಸಿಗೆ. ಲೀಸಿ ಕೋಲು ಊರಿಕೊಂಡು ಬಂದಿದ್ದಳು, ಬಟ್ಟಲು ತೆಗೆದುಕೊಳ್ಳುವಾಗ ದೋರಿಯ ಮುಖ ನೋಡಲಿಲ್ಲ. ಆಮೇಲೆ ಉಳಿದವರು. ಎಲ್ಲರೂ ಕೂತು ಚಮಚ ಎತ್ತುವಷ್ಟರಲ್ಲಿ ನೋಲ್ಡಿ ಎದ್ದು ನಿಂತು ಲೋಟಕ್ಕೆ ಚಮಚ ಬಡಿದ.

"ಎರಡೇ ಮಾತು" ಎಂದ. ಗ್ರಿತ್ಲಿ ಎಷ್ಟು ದುಡಿದಳು, ಊರಿನ ಮುದುಕರಿಗೆ ಎಷ್ಟು ಬಡಿಸಿದಳು ಎಂದ. ಅಲ್ಲಿಯವರೆಗೂ ದೋರಿ ಸೌಟನ್ನು ಬಿಗಿಯಾಗಿ ಹಿಡಿದು ನಿಂತಿದ್ದಳು. "ನಮ್ಮ ಮನೇಲಿ ನಮ್ಮ ತಂಗಿ ಹಾಗೆ ಬೆಳೆದ್ಲು" ಎಂದಾಗಲೂ ಹಲ್ಲು ಕಚ್ಚಿದಳು. ಆಮೇಲೆ ಅವನ ಮುಖದಲ್ಲಿ ನೆನಪಿನ ನಗುವೊಂದು ಬಂತು.

"ಈ ತಿಂಡಿ ನೋಡಿದ್ರೆ ಒಂದು ತಮಾಷೆ ನೆನಪಾಗುತ್ತೆ. ನೀವೆಲ್ಲ ಅಕ್ಷರದ ಬಗ್ಗೆ ನಗ್ತೀರಲ್ಲ, ಅದರ ಗುಟ್ಟು ಹೇಳ್ತೀನಿ. ಚಿಕ್ಕವಳಿದ್ದಾಗ ಅಟ್ಟದಲ್ಲಿ ಒಣಸೇಬು ಕದ್ದು ತಿಂತಿದ್ಲು ನಮ್ಮ ಗ್ರಿತ್ಲಿ. ಅದಕ್ಕೆ ನಾವೆಲ್ಲ ಅವಳನ್ನ ಪ್ರೀತಿಯಿಂದ ಏನಂತಿದ್ವಿ ಗೊತ್ತಾ, ಮ್ಯೂಸ್ಲಿ! ಒಂದ್ಸಲ ಅಮ್ಮ ತಮಾಷೆಗೆ ಒಂದು ಬೋನಿಗೆ ದಾರ ಕಟ್ಟಿ..."

"ಕೂತ್ಕೋ ನೋಲ್ಡಿ."

ಅದು ತನ್ನ ದನಿ ಎಂದು ದೋರಿಗೆ ಆಮೇಲೆ ತಿಳಿಯಿತು. ಇಡೀ ಬೇರನ್ ಅವಳ ಕಡೆ ತಿರುಗಿತ್ತು.

"ಯಾಕೆ ದೋರಿ, ಒಳ್ಳೇ ನೆನಪು..."

"ನಿಮ್ಮ ಮನೆಯ ಊಟದ ಮೇಜಿನ ಸುತ್ತ ಎಷ್ಟು ಕುರ್ಚಿ ಇತ್ತು?"

ನೋಲ್ಡಿ ಕಣ್ಣು ಬಿಟ್ಟ. "ಏನು ಕೇಳ್ತಿದೀಯ?"

"ಕುರ್ಚಿ. ಅಪ್ಪಂದು, ಅಮ್ಮಂದು, ನಿಂದು, ಲೀಸಿದು, ಆಳಿಂದು. ಅವಳದು ಯಾವುದಿತ್ತು ಹೇಳು. ತಂಗಿ ಅಂದ್ಯಲ್ಲ, ಮನೆಮಗಳು ಅಂತ ಪತ್ರಿಕೇಲಿ ಹಾಕಿಸ್ದ್ಯಲ್ಲ. ಅವಳ ಕುರ್ಚಿ ಯಾವ ಕಡೆಗಿತ್ತು? ಕಿಟಕಿ ಕಡೆಗಾ? ಒಲೆ ಕಡೆಗಾ?"

ಬೇಯಾಟ್ ಕೈಯಲ್ಲಿದ್ದ ವೈನ್ ಬಾಟಲಿಯನ್ನು ಎಲ್ಲಿ ಇಡುವುದೆಂದು ತಿಳಿಯದೆ ನಿಂತಿದ್ದ. ಕುರ್ಚಿಗಳನ್ನು ಮನಸ್ಸಿನಲ್ಲೇ ಸುತ್ತಿ ಬರುತ್ತಿದ್ದುದು ನೋಲ್ಡಿಯ ಮುಖದಲ್ಲಿ ಕಾಣುತ್ತಿತ್ತು.

"ಹಸಿದು ಕದ್ದಳು" ಎಂದಳು ದೋರಿ. "ಎಂಟು ವರ್ಷದ ಕೂಸು, ಹಸಿದು. ಹಾಲು ನಿಮ್ಮದು, ಸೇಬು ನಿಮ್ಮದು, ಕೊಟ್ಟಿಗೆ ಕೆಲಸ ಅವಳದು. ಅವಳ ಕೊರಳಿಗೆ ಇಲಿಬೋನು ಕಟ್ಟಿ ಊರೆಲ್ಲ ಮೆರೆಸಿ, ಇವತ್ತು ಅವಳ ಮಣ್ಣು ಒಣಗೋ ಮೊದಲೇ ಅದೇ ಬೋನು ಮತ್ತೆ ತಂದ್ಯಲ್ಲೋ. ಆ ಒಂದು ಅಕ್ಷರಕ್ಕೆ ಅವಳು ಜೀವಮಾನ ಪೂರ್ತಿ ಜಗಳ ಆಡಿದ್ಲು, ನೀವೆಲ್ಲ ನಕ್ಕಿರಿ. ನಗಿ. ಈಗ ನಗಿ ನೋಡೋಣ."

ಯಾರೂ ನಗಲಿಲ್ಲ. ನೋಲ್ಡಿ ಸುತ್ತ ನೋಡಿ, "ಕಾಲ ಹಾಗಿತ್ತು. ಎಲ್ಲರ ಮನೇಲೂ ಹಾಗೇ ಇತ್ತು. ಅದು ತಮಾಷೆ..." ಎಂದ. ಅಕ್ಕನಾದರೂ ಹೌದು ಅನ್ನಲೆಂದು ಲೀಸಿಯ ಕಡೆ ತಿರುಗಿದ.

ಲೀಸಿ ತನ್ನ ಬಟ್ಟಲನ್ನೇ ನೋಡುತ್ತಿದ್ದಳು. "ನಾವು ನಗ್ತಿದ್ವಿ ನೋಲ್ಡಿ" ಎಂದಳು, ಮೆಲ್ಲಗೆ, ಆದರೆ ಆ ಮೌನದಲ್ಲಿ ಎಲ್ಲರಿಗೂ ಕೇಳಿಸಿತು. "ಅವಳು ನಗ್ತಿರ್ಲಿಲ್ಲ. ಕುರ್ಚಿ ಇರ್ಲಿಲ್ಲ. ಹೊಸ್ತಿಲ ಮೇಲೆ ಕೂರ್ತಿದ್ಲು."

ನೋಲ್ಡಿಯ ಕಿವಿ ಕೆಂಪಾಯಿತು. ಟೋಪಿ ತೆಗೆದುಕೊಂಡು ಬಾಗಿಲ ಕಡೆ ನಡೆದ. ಲೀಸಿ ಏಳಲಿಲ್ಲ. ಕೋಲನ್ನು ಕುರ್ಚಿಗೆ ಒರಗಿಸಿ ಬಟ್ಟಲನ್ನು ಹತ್ತಿರ ಎಳೆದುಕೊಂಡು ತಿನ್ನತೊಡಗಿದಳು. ಅದನ್ನು ನೋಡಿ ಮುಂದಿನವರು ತಿಂದರು, ಅವರ ಪಕ್ಕದವರು ತಿಂದರು. ಬಟ್ಟಲಿಗೆ ಚಮಚ ತಾಗುವ ಸದ್ದು, ಬೀಜ ಅಗಿಯುವ ಸದ್ದು, ಅಷ್ಟೇ. ಮಾಂಸದ ಹೋಳುಗಳು ಗೋಡೆಯ ಪಕ್ಕದಲ್ಲಿ ಅಂಚು ಮುದುಡಿ ಒಣಗಿದವು.

ಜನ ಕೈಕುಲುಕಿ ಒಬ್ಬೊಬ್ಬರೇ ಹೊರಟರು. ಒಬ್ಬಿಬ್ಬರು ದೋರಿಯ ತೋಳು ಹಿಡಿದು ಏನೋ ಹೇಳಲು ಹೋಗಿ ಬಿಟ್ಟರು. ಒಳ್ಳೆಯದೇ ಆಯಿತು. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ. ಹೊರಟವರ ಮೇಲೆ, ಬೋನನ್ನು ಬಿಚ್ಚಿಸದ ಸತ್ತ ಮೇಷ್ಟ್ರ ಮೇಲೆ, ಮಾತು ತಡವಾಗಿ ಆಡಿದ ಲೀಸಿಯ ಮೇಲೆ. ಆ ಹೆಸರು ಬರಬಾರದು ಎಂದು ಮಾತು ಕೊಟ್ಟಿದ್ದಳು, ಬಂದೇ ಬಂತು. ತಡೆಯಲಾಗದ ತನ್ನ ಮೇಲೆ. ಎಲ್ಲಕ್ಕಿಂತ ಹೆಚ್ಚಾಗಿ, ಎದ್ದು ಬಂದು ತಾನೇ ಜಗಳ ಆಡದೆ ಅಲ್ಲಿ ಮಣ್ಣಿನ ಕೆಳಗೆ ಮಲಗಿಬಿಟ್ಟವಳ ಮೇಲೆ.

ಬೇಯಾಟ್ ಬಟ್ಟಲು ಎತ್ತಲು ಬಂದ. ನೋಲ್ಡಿಯ ಬಟ್ಟಲು ಹಾಗೇ ತುಂಬಿಕೊಂಡು ಕೂತಿತ್ತು. ಬೋಗುಣಿ ಖಾಲಿ, ಡಬ್ಬಿ ಖಾಲಿ. ಉಳಿದದ್ದು ಅದೊಂದೇ.

"ಇದನ್ನ ಹಂದಿಗೆ ಹಾಕ್ಲಾ ದೋರಿಯಮ್ಮ?"

"ಮುಟ್ಟಬೇಡ ಅದನ್ನ."

ದೋರಿ ನೋಲ್ಡಿ ಬಿಟ್ಟುಹೋದ ಕುರ್ಚಿಯನ್ನು ಎಳೆದುಕೊಂಡು ಕೂತಳು. ಚಮಚ ಎತ್ತಿದಳು. ಓಟ್ಸು ಹಾಲು ಕುಡಿದು ಮೆತ್ತಗಾಗಿತ್ತು. ಮರಸೇಬು ಗ್ರಿತ್ಲಿಯ ಒಲೆಯ ಹೊಗೆಯನ್ನು ಇನ್ನೂ ಬಿಟ್ಟಿರಲಿಲ್ಲ. ಕುಂಬಳದ ಬೀಜ ಹಲ್ಲಿಗೆ ಸಿಕ್ಕಿ ಚಟ್ಟೆಂದಿತು. ಆಮೇಲೆ ಅವಳಿಗೆ ಗೊತ್ತಾಯಿತು, ನಿಂಬೆ ಕಡಿಮೆ. ಅವಸರದಲ್ಲಿ ಅರ್ಧವೇ ಹಿಂಡಿದ್ದಳು. ಇಡೀ ಊರಿಗೆ ಬಡಿಸಿದ್ದಾಗಿತ್ತು. ಗ್ರಿತ್ಲಿ ಇದ್ದಿದ್ದರೆ ಎಲ್ಲರೆದುರಿಗೆ ಸೌಟು ಬಡಿದು ಬೈದುಬಿಡುತ್ತಿದ್ದಳು.

"ಬೈಯೇ" ಎಂದಳು ದೋರಿ, ಬಾಯಿ ತುಂಬ ಇಟ್ಟುಕೊಂಡೇ, ಕಣ್ಣೀರು ಒರೆಸದೆ. "ಬೈಯೇ, ನೋಡೋಣ." ಬಟ್ಟಲು ಖಾಲಿಯಾಗುವವರೆಗೆ ಎದ್ದೇಳಲಿಲ್ಲ. ಕೊನೆಗೆ ಅಂಚಿಗೆ ಅಂಟಿದ್ದನ್ನೂ ಬೆರಳಲ್ಲಿ ಬಳಿದು ತಿಂದಳು.